12 ಮಕ್ಕಳ ಶಾಲೆಯ ಶೇಕಡಾ ಲೆಕ್ಕವನ್ನು ಎಷ್ಟು ನಂಬಬೇಕು?

ಹಳ್ಳಿಯ ಶಾಲೆಯೊಂದರಲ್ಲಿ ಪರೀಕ್ಷೆ ಬರೆಯುವ ಮಕ್ಕಳು 12. ಹೋದ ವರ್ಷ 11 ಮಂದಿ ಪಾಸಾದರು, ಈ ವರ್ಷ 8 ಮಂದಿ. ಪಟ್ಟಿಯಲ್ಲಿ ಇದು ಶೇ 92ರಿಂದ ಶೇ 67ಕ್ಕೆ ಇಳಿದಂತೆ ಕಾಣುತ್ತದೆ. ಇಷ್ಟು ದೊಡ್ಡ ಕುಸಿತ ಕಂಡ ಮೇಲೆ ಮೇಲಿನವರಿಂದ ಕಾರಣ ಕೇಳಿ ಪತ್ರ ಬರುತ್ತದೆ. ಒಂದಿಬ್ಬರು ಪೋಷಕರು ಟಿಸಿ ಕೇಳುತ್ತಾರೆ. ನಿಜವಾಗಿ ವ್ಯತ್ಯಾಸ ಆಗಿದ್ದು ಮೂರೇ ಮಕ್ಕಳಲ್ಲಿ. ಅವರಲ್ಲಿ ಒಬ್ಬಳಿಗೆ ಪರೀಕ್ಷೆಯ ವಾರ ಜ್ವರ, ಇನ್ನಿಬ್ಬರು ಅವಳಿಗಳು, ಅವರ ಮನೆಯಲ್ಲಿ ಆ ವರ್ಷ ಏನೋ ಕಷ್ಟ ಎಂದುಕೊಳ್ಳಿ. ಅಷ್ಟೇ ಸಾಕು. ಪಾಠ ಮಾಡುವ ರೀತಿ ಎಳ್ಳಷ್ಟೂ ಬದಲಾಗದಿದ್ದರೂ ಶಾಲೆ ಕಳಪೆ ಪಟ್ಟಿಗೆ ಬೀಳುತ್ತದೆ.

ಸಣ್ಣ ಹಳ್ಳಿ ಶಾಲೆಗಳನ್ನು ಉಳಿಸಬೇಕೋ, ಮುಚ್ಚಬೇಕೋ, ದೊಡ್ಡ ಶಾಲೆಗೆ ಸೇರಿಸಬೇಕೋ ಎನ್ನುವ ಚರ್ಚೆ ಎಷ್ಟೋ ದೇಶಗಳಲ್ಲಿ ನಡೆಯುತ್ತಿದೆ. ಎಲ್ಲ ಕಡೆಯೂ ಮೇಜಿನ ಮೇಲೆ ಬರುವುದು ಎರಡು ಅಂಕಿಗಳು. ಒಂದು ಫಲಿತಾಂಶ. ಇನ್ನೊಂದು ಅಲ್ಲಿ ಓದುವ ಮಕ್ಕಳು ಯಾರು, ಎಂಥ ಮನೆಗಳಿಂದ ಬಂದವರು ಎನ್ನುವ ಲೆಕ್ಕ. ಈ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಹಾಕಿ, ಬೇರೆ ಬೇರೆಯಾಗಿಯೇ ಓದುತ್ತಾರೆ. ನನ್ನ ವಾದ ಇಷ್ಟು: ಸಣ್ಣ ಶಾಲೆಯ ಒಂದು ವರ್ಷದ ಫಲಿತಾಂಶ, ಆ ವರ್ಷ ಬೆಂಚಿನ ಮೇಲೆ ಯಾರು ಕೂತಿದ್ದರು ಎಂಬುದನ್ನೇ ಹೆಚ್ಚಾಗಿ ಹೇಳುತ್ತದೆ. ಶಿಕ್ಷಕರು ಎಷ್ಟು ಚೆನ್ನಾಗಿ ಕಲಿಸಿದರು ಎಂಬುದರ ಬಗ್ಗೆ ಅದು ಹೇಳುವುದು ಕಡಿಮೆ.

ಒಂದು ಲೆಕ್ಕ ಹಾಕಿ ನೋಡೋಣ. 1,000 ಸಣ್ಣ ಶಾಲೆಗಳಿವೆ, ಪ್ರತಿಯೊಂದರಲ್ಲೂ 12 ಮಕ್ಕಳು ಪರೀಕ್ಷೆ ಬರೆಯುತ್ತಾರೆ ಎಂದಿಟ್ಟುಕೊಳ್ಳಿ. ಎಲ್ಲ ಶಾಲೆಗಳ ಪಾಠವೂ ಒಂದೇ ಮಟ್ಟದ್ದು. ಯಾವ ಮಗುವಾದರೂ ಸರಿ, ಪಾಸಾಗುವ ಸಾಧ್ಯತೆ ಶೇ 75. ಅಂದರೆ ಶಾಲೆ ಶಾಲೆಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದು ಮೊದಲೇ ಒಪ್ಪಿಕೊಂಡಾಯಿತು. ಆದರೂ ಫಲಿತಾಂಶದ ದಿನ ಸುಮಾರು 32 ಶಾಲೆಗಳಲ್ಲಿ ಎಲ್ಲರೂ ಪಾಸಾಗಿರುತ್ತಾರೆ. ಸುಮಾರು 54 ಶಾಲೆಗಳಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಕಡಿಮೆ ಮಕ್ಕಳು ಪಾಸಾಗಿರುತ್ತಾರೆ. ಮೊದಲಿನವರಿಗೆ ಸನ್ಮಾನ, ಎರಡನೆಯವರಿಗೆ ನೋಟಿಸ್. ಸುಮ್ನೆ ಆಕಸ್ಮಿಕವಾಗಿ ಆದದ್ದಕ್ಕೆ ಹಾರವೂ ಬಿತ್ತು, ಬೈಗುಳವೂ ಬಿತ್ತು.

ಇದೇ ಲೆಕ್ಕವನ್ನು 200 ಮಕ್ಕಳು ಪರೀಕ್ಷೆ ಬರೆಯುವ ಶಾಲೆಗೆ ಹಾಕಿ. ಅಲ್ಲಿ ಶೇ 100 ಬರುವುದು ಹೆಚ್ಚುಕಡಿಮೆ ಆಗದ ಮಾತು. ಹಾಗೆಯೇ ಶೇ 50ಕ್ಕೆ ಬೀಳುವುದೂ ಆಗದ ಮಾತು. ಬಹುತೇಕ ವರ್ಷಗಳಲ್ಲಿ ಫಲಿತಾಂಶ ಶೇ 69 ಮತ್ತು ಶೇ 81ರ ನಡುವೆ ಇರುತ್ತದೆ. ಅದೇ ಅಳತೆಯಲ್ಲಿ 12 ಮಕ್ಕಳ ಶಾಲೆ ಶೇ 50ರಿಂದ ಶೇ 100ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಏಳೆಂಟು ಸಲ ಒಂದೇ ಮುಖ ಬೀಳುವುದು ದೊಡ್ಡ ವಿಷಯವಲ್ಲ, ಸಾವಿರ ಸಲ ಚಿಮ್ಮಿದರೆ ಎಂಟು ನೂರು ಸಲ ಹಾಗೆ ಬೀಳುವುದಿಲ್ಲ ಅಲ್ವಾ? ಇಲ್ಲಿ ಆಗುವುದೂ ಅದೇ.

ಈ ಗಣಿತ ಹೊಸದೇನಲ್ಲ. ಗುಂಪು ಸಣ್ಣದಾದಷ್ಟೂ ಸರಾಸರಿ ಹೇಗೆ ಹೆಚ್ಚು ಓಲಾಡುತ್ತದೆ ಎಂಬುದರ ಸೂತ್ರವನ್ನು ಗಣಿತಜ್ಞ ಅಬ್ರಹಾಂ ಡಿ ಮುಯಾವ್ರ 1730ರಲ್ಲೇ ಕೊಟ್ಟಿದ್ದ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಹೊವಾರ್ಡ್ ವೈನರ್ ಇದನ್ನು ಶಾಲೆಗಳ ಮೇಲೆ ಹಚ್ಚಿ ತೋರಿಸಿದರು. ಪೆನ್ಸಿಲ್ವೇನಿಯಾ ರಾಜ್ಯದ 1,662 ಶಾಲೆಗಳ 5ನೇ ತರಗತಿ ಮಕ್ಕಳ ಓದಿನ ಅಂಕಗಳನ್ನು ನೋಡಿದಾಗ, ಮೊದಲ 50 ಸ್ಥಾನಗಳಲ್ಲಿ 6 ಸ್ಥಾನ ಸಿಕ್ಕಿದ್ದು ರಾಜ್ಯದ ಅತಿ ಸಣ್ಣ 50 ಶಾಲೆಗಳಿಗೆ. ಗಾತ್ರಕ್ಕೂ ಅಂಕಕ್ಕೂ ಸಂಬಂಧ ಇಲ್ಲದಿದ್ದರೆ ಅಲ್ಲಿ ಒಂದೋ ಎರಡೋ ಇರಬೇಕಿತ್ತು. ಸಣ್ಣ ಶಾಲೆ ಎಂದರೆ ಒಳ್ಳೆ ಶಾಲೆ ಎನ್ನಲು ಇಷ್ಟು ಸಾಕು ಅನ್ನಿಸಬಹುದು. ಆದರೆ ಪಟ್ಟಿಯ ಕೊನೆಯ 50 ಸ್ಥಾನಗಳಲ್ಲೂ ಅದೇ ಅತಿ ಸಣ್ಣ ಗುಂಪಿನ 9 ಶಾಲೆಗಳಿದ್ದವು.

ಪಟ್ಟಿಯ ಮೇಲ್ತುದಿಯನ್ನು ಮಾತ್ರ ನೋಡಿದವರಿಗೆ ದೊಡ್ಡ ಬೆಲೆಯೇ ಬಿತ್ತು. ಗೇಟ್ಸ್ ಫೌಂಡೇಷನ್ 2000ದ ನಂತರದ ವರ್ಷಗಳಲ್ಲಿ ಅಮೆರಿಕದಲ್ಲಿ ದೊಡ್ಡ ಪ್ರೌಢಶಾಲೆಗಳನ್ನು ಒಡೆದು ಸಣ್ಣದು ಮಾಡಲು, ಹೊಸ ಸಣ್ಣ ಶಾಲೆಗಳನ್ನು ತೆರೆಯಲು ಸುಮಾರು 200 ಕೋಟಿ ಡಾಲರ್ ಹಾಕಿತು. ಹಾಗೆ ಹಣ ಪಡೆದ ಹಲವು ಶಾಲೆಗಳಲ್ಲಿ ಮಕ್ಕಳ ಕಲಿಕೆ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ ಎಂದು ಬಿಲ್ ಗೇಟ್ಸ್ 2009ರ ತಮ್ಮ ವಾರ್ಷಿಕ ಪತ್ರದಲ್ಲಿ ಒಪ್ಪಿಕೊಂಡರು. ಕಥೆ ಅಲ್ಲಿಗೇ ಮುಗಿಯಲಿಲ್ಲ ಅನ್ನಿ. ನ್ಯೂಯಾರ್ಕ್‌ನ ಸಣ್ಣ ಪ್ರೌಢಶಾಲೆಗಳಿಗೆ ಲಾಟರಿ ಮೂಲಕ ಸೀಟು ಸಿಕ್ಕಿದ ಮತ್ತು ಸಿಗದ ಮಕ್ಕಳನ್ನು ಹೋಲಿಸಿದ ಅಧ್ಯಯನದಲ್ಲಿ, ಸೀಟು ಸಿಕ್ಕವರು ಹೆಚ್ಚು ಪ್ರಮಾಣದಲ್ಲಿ ಪ್ರೌಢಶಾಲೆ ಮುಗಿಸಿದ್ದು ಕಂಡಿತು. ಆದರೆ ಆ ಶಾಲೆಗಳನ್ನು ಹೊಸ ಯೋಜನೆ, ಹೊಸ ತಂಡದ ಜೊತೆ ಕಟ್ಟಲಾಗಿತ್ತು. ಮಕ್ಕಳ ಸಂಖ್ಯೆ ಕರಗುತ್ತಾ ಕರಗುತ್ತಾ ಸಣ್ಣದಾದ ಹಳ್ಳಿ ಶಾಲೆಗೆ ಆ ಫಲಿತಾಂಶವನ್ನು ತಂದು ಅಂಟಿಸುವುದು ಸರಿಯಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಸಣ್ಣ ಶಾಲೆ ಬೇರೆ, ಸಣ್ಣ ತರಗತಿ ಬೇರೆ. ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ನಡೆದ ಪ್ರಯೋಗದಲ್ಲಿ 13ರಿಂದ 17 ಮಕ್ಕಳಿದ್ದ ತರಗತಿಗಳವರು, 22ರಿಂದ 25 ಮಕ್ಕಳಿದ್ದ ತರಗತಿಗಳವರಿಗಿಂತ ಚೆನ್ನಾಗಿ ಕಲಿತರು. ಆ ಪ್ರಯೋಗದಲ್ಲಿ ಒಂದು ತರಗತಿಗೆ ಒಬ್ಬ ಟೀಚರ್ ಇದ್ದರು. ಹಳ್ಳಿ ಶಾಲೆಯಲ್ಲಿ 16 ಮಕ್ಕಳಿಗೆ ಇಬ್ಬರು ಶಿಕ್ಷಕರು ಎಂದರೆ ಕಾಗದದ ಮೇಲೆ ಒಬ್ಬರಿಗೆ 8 ಮಕ್ಕಳು, ನಗರದ ದುಬಾರಿ ಶಾಲೆಗೂ ಸಿಗದ ಸೌಭಾಗ್ಯ. ಆದರೆ ಆ 16 ಮಕ್ಕಳು ಐದು ತರಗತಿಗಳಲ್ಲಿ ಹಂಚಿಹೋಗಿರುತ್ತಾರೆ. ಒಬ್ಬ ಟೀಚರ್ ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ನೋಡಿಕೊಳ್ಳಬೇಕು. ಒಬ್ಬರು ರಜೆ ಹಾಕಿದ ದಿನ ಇನ್ನೊಬ್ಬರಿಗೆ ಐದೂ ತರಗತಿ. ಒಬ್ಬರಿಗೆ ವರ್ಗಾವಣೆ ಆದರೆ ಶಾಲೆಯ ಅರ್ಧ ಸಿಬ್ಬಂದಿಯೇ ಹೋದಂತೆ. ಶಿಕ್ಷಕ-ವಿದ್ಯಾರ್ಥಿ ಅನುಪಾತ ಎಂಬ ಅಂಕಿಯಲ್ಲಿ ಇದು ಯಾವುದೂ ಕಾಣುವುದಿಲ್ಲ.

ಈಗ ಮಕ್ಕಳ ವಿಷಯಕ್ಕೆ ಬರೋಣ. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ನೇತೃತ್ವದಲ್ಲಿ ಅಮೆರಿಕದಲ್ಲಿ ಸುಮಾರು 6 ಲಕ್ಷ ಮಕ್ಕಳನ್ನು ಒಳಗೊಂಡ ಅಧ್ಯಯನವೊಂದು ನಡೆದು, 1966ರಲ್ಲಿ ವರದಿ ಬಂತು. ಶಾಲೆಗೆ ಸುರಿಯುವ ಹಣ, ಕಟ್ಟಡ, ಸಲಕರಣೆಗಳಿಗಿಂತ ಮನೆಯ ಹಿನ್ನೆಲೆಯೇ ಮಕ್ಕಳ ಅಂಕಗಳ ವ್ಯತ್ಯಾಸವನ್ನು ಹೆಚ್ಚಾಗಿ ವಿವರಿಸುತ್ತದೆ ಎಂದು ಅದು ಹೇಳಿತು. ಶಾಲೆಯಿಂದ ಏನೂ ಆಗುವುದಿಲ್ಲ ಎಂದು ಇದನ್ನು ತಪ್ಪಾಗಿ ಓದಿದವರು ಬಹಳ. 1983ರಲ್ಲಿ 29 ದೇಶಗಳ ಅಂಕಿಗಳನ್ನು ಜೋಡಿಸಿ ನೋಡಿದ ಸ್ಟೀಫನ್ ಹೇನ್‌ಮನ್ ಮತ್ತು ವಿಲಿಯಂ ಲಾಕ್ಸ್‌ಲಿ ಬೇರೆಯದೇ ಚಿತ್ರ ಕೊಟ್ಟರು. ದೇಶ ಬಡವಾದಷ್ಟೂ ಶಾಲೆ ಮತ್ತು ಶಿಕ್ಷಕರ ಗುಣಮಟ್ಟದ ಪಾತ್ರ ದೊಡ್ಡದು ಎಂದರು. ನಂತರ ಬಂದ ಅಧ್ಯಯನಗಳು ಅಷ್ಟು ಗಟ್ಟಿಯಾಗಿ ಹಾಗೆ ಹೇಳಲಿಲ್ಲ. ಒಟ್ಟಿನಲ್ಲಿ ಮನೆಯೂ ಲೆಕ್ಕಕ್ಕೆ ಬರುತ್ತದೆ, ಶಾಲೆಯೂ ಬರುತ್ತದೆ. ಸರಾಸರಿ ಅಂಕದಲ್ಲಿ ಎರಡೂ ಕಲಸಿಹೋಗಿರುತ್ತವೆ.

ದೊಡ್ಡ ಶಾಲೆಯಲ್ಲಿ ಈ ಕಲಸು ವರ್ಷದಿಂದ ವರ್ಷಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಸಣ್ಣ ಶಾಲೆಯಲ್ಲಿ ಒಂದು ಕುಟುಂಬ ಊರು ಬಿಟ್ಟರೂ ಬದಲಾಗುತ್ತದೆ. ಶಾಲೆಯ ವೈವಿಧ್ಯವನ್ನು ಅಳೆಯಲು ಬಳಸುವ ಒಂದು ಸೂಚ್ಯಂಕ ಇದೆ. ಇಬ್ಬರು ಮಕ್ಕಳನ್ನು ಕಣ್ಣು ಮುಚ್ಚಿ ಆರಿಸಿದರೆ ಅವರು ಬೇರೆ ಬೇರೆ ಸಮುದಾಯದವರಾಗಿರುವ ಸಾಧ್ಯತೆ ಎಷ್ಟು ಎಂಬುದು ಅದರ ಲೆಕ್ಕ. 20 ಮಕ್ಕಳ ಶಾಲೆಯಲ್ಲಿ 16 ಮಕ್ಕಳು ಒಂದು ಸಮುದಾಯದವರು, 4 ಮಕ್ಕಳು ಇನ್ನೊಂದರವರು ಎಂದರೆ ಆ ಸಾಧ್ಯತೆ ಸುಮಾರು ಶೇ 34. ಆ ನಾಲ್ವರೂ ಒಂದೇ ಮನೆಯ ಮಕ್ಕಳಾಗಿದ್ದು, ಅವರಪ್ಪ ಕೆಲಸ ಹುಡುಕಿಕೊಂಡು ಊರು ಬಿಟ್ಟರೆ ಸೂಚ್ಯಂಕ ಸೊನ್ನೆ. ಶಾಲೆ ಯಾರನ್ನೂ ಹೊರಗಿಟ್ಟಿಲ್ಲ, ಧೋರಣೆ ಬದಲಿಸಿಲ್ಲ. ಅಂಕಿ ಮಾತ್ರ ನೆಲ ಕಚ್ಚಿತು.

ಬಡತನದ ಲೆಕ್ಕವೂ ಹೀಗೆಯೇ ಕೈಕೊಡುತ್ತದೆ. ಅಮೆರಿಕದಲ್ಲಿ ಉಚಿತ ಅಥವಾ ಕಡಿಮೆ ದರದ ಊಟಕ್ಕೆ ಅರ್ಹರಾದ ಮಕ್ಕಳ ಪ್ರಮಾಣವನ್ನೇ ಬಡತನದ ಅಳತೆಗೋಲು ಮಾಡಿಕೊಂಡಿದ್ದರು. 2010ರ ಕಾನೂನಿನ ನಂತರ, ಬಡ ಮಕ್ಕಳು ನಿಗದಿತ ಪ್ರಮಾಣಕ್ಕಿಂತ ಜಾಸ್ತಿ ಇರುವ ಶಾಲೆಗಳು ಎಲ್ಲ ಮಕ್ಕಳಿಗೂ ಉಚಿತ ಊಟ ಕೊಡಬಹುದು ಎಂದಾಯಿತು. ಯೋಜನೆ ಒಳ್ಳೆಯದೇ. ಆದರೆ ಅಂಥ ಶಾಲೆ ಕೆಲವು ದಾಖಲೆಗಳಲ್ಲಿ ನೂರಕ್ಕೆ ನೂರು ಬಡವರ ಶಾಲೆಯಾಗಿ ಕಾಣತೊಡಗಿತು. ಅಳತೆಗೋಲು ಬದಲಾದದ್ದು ಗೊತ್ತಿಲ್ಲದವರು ಹಳ್ಳಿಯಲ್ಲಿ ಬಡತನ ಒಮ್ಮೆಲೇ ಹೆಚ್ಚಿತು ಎಂದುಕೊಳ್ಳುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಶಾಲೆ ಬಿಟ್ಟು ಹೋಗುವವರು ಯಾರು ಎಂಬುದು. ಹಳ್ಳಿಯಲ್ಲಿ ಸ್ವಲ್ಪ ಅನುಕೂಲ ಇರುವವರು ಮೊದಲು ತಮ್ಮ ಮಕ್ಕಳನ್ನು ಪಟ್ಟಣದ ಶಾಲೆಗೆ ಹಾಕುತ್ತಾರೆ. ಬಸ್ಸಿಗೆ, ಫೀಸಿಗೆ ಹಣ ಹೊಂದಿಸಲಾಗದವರ ಮಕ್ಕಳು ಉಳಿಯುತ್ತಾರೆ. ಒಂದು ಉದಾಹರಣೆ ನೋಡಿ. ಶಾಲೆಯಲ್ಲಿ 20 ಮಕ್ಕಳು. ಅನುಕೂಲಸ್ಥರ ಮನೆಯ 10 ಮಕ್ಕಳ ಸರಾಸರಿ ಅಂಕ 80, ಉಳಿದ 10 ಮಕ್ಕಳದು 50. ಶಾಲೆಯ ಸರಾಸರಿ 65. ಮುಂದಿನ ವರ್ಷ ಅನುಕೂಲಸ್ಥರ ಮಕ್ಕಳಲ್ಲಿ 6 ಮಂದಿ ಪಟ್ಟಣಕ್ಕೆ ಹೋದರು, 4 ಮಂದಿ ಉಳಿದರು. ಶಿಕ್ಷಕರು ಚೆನ್ನಾಗಿ ದುಡಿದರು. ಉಳಿದ ನಾಲ್ವರ ಸರಾಸರಿ 82ಕ್ಕೆ ಏರಿತು, ಆ ಹತ್ತು ಮಕ್ಕಳದು 54ಕ್ಕೆ ಏರಿತು. ಎರಡೂ ಗುಂಪು ಮೊದಲಿಗಿಂತ ಚೆನ್ನಾಗಿ ಕಲಿತಿದೆ. ಶಾಲೆಯ ಸರಾಸರಿ ಮಾತ್ರ 62ಕ್ಕೆ ಇಳಿದಿದೆ!

ಪಟ್ಟಿ ನೋಡಿದ ಇನ್ನೆರಡು ಮನೆಯವರು, ಈ ಶಾಲೆ ಕೆಟ್ಟುಹೋಯಿತು ಎಂದು ತಮ್ಮ ಮಕ್ಕಳನ್ನೂ ಬಿಡಿಸುತ್ತಾರೆ. ಸರಾಸರಿ ಇನ್ನೂ ಇಳಿಯುತ್ತದೆ. ಮಕ್ಕಳ ಸಂಖ್ಯೆ ಕಡಿಮೆ ಆಯಿತು ಎಂದು ಒಂದು ಶಿಕ್ಷಕರ ಹುದ್ದೆ ಹೋಗುತ್ತದೆ. ಆಮೇಲೆ ಕಲಿಕೆ ನಿಜವಾಗಿಯೂ ಕುಸಿಯತೊಡಗುತ್ತದೆ. ಸುಳ್ಳು ಸುದ್ದಿಯೊಂದು ತನ್ನನ್ನು ತಾನೇ ನಿಜ ಮಾಡಿಕೊಂಡಿತು. ಪಾಠ ಹದಗೆಟ್ಟಿದ್ದಕ್ಕೇ ಮಕ್ಕಳು ಹೋದರು ಎನ್ನುವವರ ಮಾತೂ ಕೆಲವು ಕಡೆ ನಿಜವಿರಬಹುದು. ಯಾವುದು ಮೊದಲು, ಯಾವುದು ನಂತರ ಎಂದು ಹೇಳಬೇಕಾದರೆ ಉಳಿದ ಮಕ್ಕಳ ಅಂಕವನ್ನು ಪ್ರತ್ಯೇಕವಾಗಿ ನೋಡಬೇಕು. ಬಹುತೇಕ ವರದಿಗಳಲ್ಲಿ ಆ ಕೆಲಸ ನಡೆದಿರುವುದಿಲ್ಲ.

ಲೆಕ್ಕದಿಂದ ಮಕ್ಕಳನ್ನು ತೆಗೆಯುವ ಚಾಳಿಯೂ ಒಂದಿದೆ. ಫ್ಲಾರಿಡಾದ ಶಾಲೆಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಡೇವಿಡ್ ಫಿಗ್ಲಿಯೊ, ಪರೀಕ್ಷೆಯ ದಿನಗಳು ಹತ್ತಿರ ಬಂದಾಗ ಕಡಿಮೆ ಅಂಕ ತೆಗೆಯುವ ಮಕ್ಕಳಿಗೆ ಅಮಾನತಿನ ಶಿಕ್ಷೆ ಹೆಚ್ಚು ದಿನ ಬೀಳುತ್ತಿದ್ದುದನ್ನು ತೋರಿಸಿದರು. ಶಿಕಾಗೊದಲ್ಲಿ ಇನ್ನೊಂದು ಬಗೆ. ಪಾಸಾಗುವ ಗೆರೆಯ ಆಸುಪಾಸಿನಲ್ಲಿದ್ದ ಮಕ್ಕಳ ಅಂಕ ಏರಿತು, ತೀರಾ ಹಿಂದಿದ್ದವರಿಗೆ ಏನೂ ದಕ್ಕಲಿಲ್ಲ. ಶೇಕಡಾ ಪಾಸು ಎಂಬ ಒಂದೇ ಅಂಕಿಯ ಮೇಲೆ ಶಾಲೆಯ ಭವಿಷ್ಯ ನಿಂತರೆ ಇದು ಆಗಿಯೇ ಆಗುತ್ತದೆ. 12 ಮಕ್ಕಳ ಶಾಲೆಯಲ್ಲಂತೂ ಗೆರೆಯ ಹತ್ತಿರ ಇರುವವರು ಯಾರು ಎಂದು ಟೀಚರಿಗೆ ಹೆಸರು ಸಮೇತ ಗೊತ್ತು. ಒಬ್ಬ ಹುಡುಗ ಆ ದಿನ ಬಾರದಿದ್ದರೆ ಒಳ್ಳೆಯದಿತ್ತು ಎಂದು ಅನ್ನಿಸುವ ಸ್ಥಿತಿಗೆ ಒಳ್ಳೆಯ ಶಿಕ್ಷಕರನ್ನೂ ತಂದು ನಿಲ್ಲಿಸುವ ಅಳತೆ ಇದು. ನನಗೆ ಅದರ ಮೇಲೆ ಇರುವ ಸಿಟ್ಟಿಗೆ ಇದೂ ಒಂದು ಕಾರಣ.

ಹಾಗಾದರೆ ಸಣ್ಣ ಶಾಲೆಯನ್ನು ಅಳೆಯಲೇಬಾರದೇ? ಅಳೆಯಬೇಕು. ಚಿಕ್ಕ ಶಾಲೆ, ಪಾಪ ಬಿಡಿ ಎಂದು ಕಣ್ಣು ಮುಚ್ಚಿಕೊಂಡರೆ ಅಲ್ಲಿನ ಮಕ್ಕಳಿಗೇ ಮೋಸ. ಎರಡು ವರ್ಷ ಓದಿಯೂ ಒಂದು ವಾಕ್ಯ ಓದಲು ಬಾರದ ಮಗು ಇದ್ದರೆ, ಶಾಲೆಯಲ್ಲಿ 12 ಮಕ್ಕಳಿದ್ದರೇನು, 1,200 ಇದ್ದರೇನು?

ಅಮೆರಿಕದ 2002ರ ಶಾಲಾ ಕಾನೂನು ಈ ಇಕ್ಕಟ್ಟನ್ನು ಅರ್ಧಂಬರ್ಧ ಬಿಡಿಸಿತು. ಬಡ ಮಕ್ಕಳು, ಅಂಗವಿಕಲ ಮಕ್ಕಳು ಹೀಗೆ ಪ್ರತಿ ಗುಂಪಿನ ಫಲಿತಾಂಶವನ್ನೂ ಶಾಲೆಗಳು ಬೇರೆಯಾಗಿ ತೋರಿಸಬೇಕು ಎಂದಿತು. ಗುಂಪಿನಲ್ಲಿ ಕನಿಷ್ಠ ಇಷ್ಟು ಮಕ್ಕಳಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಆ ಕನಿಷ್ಠ ಎಷ್ಟು ಎಂದು ರಾಜ್ಯಗಳೇ ತೀರ್ಮಾನಿಸಬಹುದು ಎಂದೂ ಹೇಳಿತು. ತಪ್ಪು ತೀರ್ಪು ಕೊಡುವುದಕ್ಕಿಂತ ತೀರ್ಪನ್ನೇ ಕೊಡದಿರುವುದು ವಾಸಿ ಎನ್ನುವ ತರ್ಕ. ಮಕ್ಕಳ ಗುರುತು ಬಯಲಾಗದಿರಲಿ ಎಂಬ ಕಾಳಜಿಯೂ ಇದೆ, ಅದು ನ್ಯಾಯವೇ. ಒಂದೇ ಒಂದು ಮಗು ಇರುವ ಗುಂಪಿನ ಫಲಿತಾಂಶ ಶೂನ್ಯ ಎಂದು ಅಚ್ಚು ಹಾಕಿದರೆ ಊರಿಗೆಲ್ಲ ಅದು ಯಾರೆಂದು ಗೊತ್ತಾಗುತ್ತದೆ. ಆದರೆ ಸಣ್ಣ ಹಳ್ಳಿ ಶಾಲೆಗಳ ವರದಿಯಲ್ಲಿ ಅಂಕಿಗಳ ಜಾಗದಲ್ಲಿ ಸಾಲು ಸಾಲು ನಕ್ಷತ್ರ ಚಿಹ್ನೆಗಳೇ ಉಳಿದವು. ಹಿಂದುಳಿದ ಮಕ್ಕಳನ್ನು ಕಾಣಿಸುವಂತೆ ಮಾಡಲು ಬಂದ ನಿಯಮ, ಅಲ್ಲಿ ಅವರನ್ನೇ ಮರೆಮಾಡಿತು.

ಇಂಗ್ಲೆಂಡ್ 2016ರಲ್ಲಿ ತಂದ ಕ್ರಮ ಇದಕ್ಕಿಂತ ಸ್ವಲ್ಪ ಜಾಣತನದ್ದು. 11ನೇ ವಯಸ್ಸಿನಲ್ಲಿ ಸುಮಾರು ಒಂದೇ ಮಟ್ಟದಲ್ಲಿದ್ದ ಮಕ್ಕಳನ್ನು ಹೋಲಿಸಿ, 16ರ ಹೊತ್ತಿಗೆ ಯಾರು ಎಷ್ಟು ಮುಂದೆ ಬಂದರು ಎಂದು ನೋಡುವ ಲೆಕ್ಕ ಅದು. ಜೊತೆಗೆ ಈ ಅಂಕಿ ಎಷ್ಟರಿಂದ ಎಷ್ಟರವರೆಗೆ ಓಲಾಡಬಹುದು ಎಂಬುದನ್ನೂ ಪ್ರಕಟಿಸುತ್ತಿದ್ದರು. ಶಾಲೆ ಸಣ್ಣದಾದಷ್ಟೂ ಆ ಅಂತರ ಅಗಲ. ಓದುವವರಿಗೆ ಎಚ್ಚರಿಕೆ ಅಲ್ಲೇ ಸಿಗುತ್ತಿತ್ತು. ಆದರೆ ಪ್ರಗತಿಯ ಲೆಕ್ಕಕ್ಕೂ ಮಿತಿ ಇದೆ. ಓಲಾಡುವ ಒಂದು ಅಂಕಿಯಿಂದ ಓಲಾಡುವ ಇನ್ನೊಂದು ಅಂಕಿಯನ್ನು ಕಳೆದರೆ, ಬರುವ ಉತ್ತರ ಇನ್ನೂ ಜಾಸ್ತಿ ಓಲಾಡುತ್ತದೆ. ಸಣ್ಣ ಶಾಲೆಗೆ ಇದು ಸರಿಯಾದ ಪ್ರಶ್ನೆ, ಒಂದೇ ವರ್ಷದ ಉತ್ತರವನ್ನು ಮಾತ್ರ ನಂಬುವಂತಿಲ್ಲ.

ಹಾಗಾಗಿ ವರ್ಷಗಳನ್ನು ಕೂಡಿಸುವುದೇ ದಾರಿ. 12 ಮಕ್ಕಳ ಶಾಲೆಯ ಐದು ವರ್ಷ ಸೇರಿಸಿದರೆ 60 ಮಕ್ಕಳಾಗುತ್ತಾರೆ, ಓಲಾಟ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಶೇಕಡಾ ಬದಲು 60ರಲ್ಲಿ 44 ಎಂದು ನೇರವಾಗಿ ಬರೆದರೆ ಇನ್ನೂ ಒಳ್ಳೆಯದು. ಎಷ್ಟು ಮಕ್ಕಳ ಮೇಲೆ ನಾವು ಮಾತಾಡುತ್ತಿದ್ದೇವೆ ಎಂಬುದು ಕಣ್ಣ ಮುಂದೆಯೇ ಇರುತ್ತದೆ. ಐದು ವರ್ಷ ಕಾಯುವಷ್ಟರಲ್ಲಿ ಮಕ್ಕಳ ಗತಿ ಏನು ಎಂದರೆ, ಅದಕ್ಕೆ ಅಂಕಿಗಿಂತ ಕಾಲ್ನಡಿಗೆ ಬೇಕು. 12 ಮಕ್ಕಳ ಪಕ್ಕ ಒಬ್ಬೊಬ್ಬರಾಗಿ ಕೂತು ಓದಿಸಿ, ಲೆಕ್ಕ ಮಾಡಿಸಿ ನೋಡಲು ಒಂದು ಬೆಳಗ್ಗೆ ಸಾಕು. 1,200 ಮಕ್ಕಳ ಶಾಲೆಯಲ್ಲಿ ಆಗದ ಕೆಲಸ ಇದು. ಸಣ್ಣ ಶಾಲೆಯ ತಪಾಸಣೆಯನ್ನು ದೂರದಿಂದ ಶೇಕಡಾ ನೋಡಿ ಮಾಡುವುದು ಸೋಮಾರಿತನ ಎನ್ನುತ್ತೇನೆ ನಾನು.

ಒಂದೇ ಕೋಣೆಯಲ್ಲಿ ಹಲವು ತರಗತಿ ಇದ್ದರೆ ಕಲಿಕೆ ಸಾಗುವುದಿಲ್ಲ ಎಂಬ ಮಾತನ್ನೂ ಹಾಗೇ ನುಂಗಬೇಕಿಲ್ಲ. ಕೊಲಂಬಿಯಾದಲ್ಲಿ 1970ರ ದಶಕದ ಮಧ್ಯದಲ್ಲಿ ವಿಕಿ ಕೋಲ್ಬರ್ಟ್ ಮತ್ತು ಸಂಗಡಿಗರು ಎಸ್ಕ್ವೇಲಾ ನುಯೆವಾ ಎಂಬ ಪದ್ಧತಿ ಶುರುಮಾಡಿದರು. ಒಬ್ಬಿಬ್ಬರು ಶಿಕ್ಷಕರಿರುವ ಹಳ್ಳಿ ಶಾಲೆಗಳಿಗಾಗಿಯೇ ಅದನ್ನು ರೂಪಿಸಿದ್ದು. ಮಕ್ಕಳು ಕಲಿಕಾ ಪುಸ್ತಿಕೆ ಹಿಡಿದು ಸಣ್ಣ ಗುಂಪುಗಳಲ್ಲಿ ತಮ್ಮ ವೇಗದಲ್ಲಿ ಮುಂದೆ ಸಾಗುತ್ತಾರೆ. ಟೀಚರ್ ಗುಂಪಿನಿಂದ ಗುಂಪಿಗೆ ಓಡಾಡುತ್ತಾರೆ. ಕೆಲಸಕ್ಕಾಗಿ ಕೆಲವು ವಾರ ತಪ್ಪಿಸಿಕೊಂಡ ಮಗು ಬಿಟ್ಟ ಪಾಠದಿಂದಲೇ ಮತ್ತೆ ಶುರುಮಾಡಬಹುದು, ಇಡೀ ವರ್ಷ ಫೇಲಾಗಬೇಕಿಲ್ಲ. ಯುನೆಸ್ಕೊ 1997ರಲ್ಲಿ ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ನಡೆಸಿದ ಹೋಲಿಕೆಯಲ್ಲಿ, ಮಹಾನಗರಗಳನ್ನು ಬಿಟ್ಟರೆ ಕೊಲಂಬಿಯಾದ ಹಳ್ಳಿ ಶಾಲೆಗಳು ಪಟ್ಟಣದ ಶಾಲೆಗಳಿಗಿಂತ ಮುಂದಿದ್ದವು. ಅಲ್ಲಿನ ಶಿಕ್ಷಕರಿಗೆ ಬಹುವರ್ಗ ಬೋಧನೆಯ ತರಬೇತಿ ಇತ್ತು, ಅದಕ್ಕೆಂದೇ ಬರೆದ ಪುಸ್ತಕಗಳಿದ್ದವು. ಒಂದೊಂದು ತರಗತಿಗೆ ಒಬ್ಬೊಬ್ಬರಂತೆ ಕಲಿಸಲು ತರಬೇತಿ ಪಡೆದವರನ್ನು ಐದು ತರಗತಿಗಳ ಮುಂದೆ ನಿಲ್ಲಿಸಿ, ಅವರಿಂದಾಗದಿದ್ದಾಗ ಶಾಲೆಯ ಗಾತ್ರವನ್ನು ದೂರುವುದು ಬೇರೆ ಕಥೆ.

ಇನ್ನು ಶಾಲೆಗಳ ವಿಲೀನ. ಅದರಿಂದ ಶಾಲೆ ಮಕ್ಕಳ ಊರಿನಿಂದ ದೂರವಾಗುತ್ತದೆ, ಆ ದೂರ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಅಧ್ಯಯನ ನೋಡಿ. ಅಫ್ಘಾನಿಸ್ತಾನದ ವಾಯವ್ಯ ಭಾಗದಲ್ಲಿ ಡಾನಾ ಬರ್ಡಿ ಮತ್ತು ಲೀ ಲಿಂಡನ್ 31 ಹಳ್ಳಿಗಳ 1,490 ಮಕ್ಕಳ ಮೇಲೆ ಅಧ್ಯಯನ ಮಾಡಿದರು. ಕೆಲವು ಹಳ್ಳಿಗಳಲ್ಲಿ ಊರೊಳಗೇ ಸಣ್ಣ ಶಾಲೆ ತೆರೆದರು, ಉಳಿದವರಿಗೆ ದೂರದ ಶಾಲೆಯೇ ಗತಿ. ಯಾವ ಹಳ್ಳಿಗೆ ಮೊದಲು ಎಂಬುದನ್ನು ಚೀಟಿ ಎತ್ತಿದ ಹಾಗೆ ಆರಿಸಲಾಗಿತ್ತು. ಊರಲ್ಲೇ ಶಾಲೆ ಬಂದ ಕಡೆ ದಾಖಲಾತಿ 42 ಶೇಕಡಾ ಅಂಶದಷ್ಟು ಏರಿತು, ಅಂದರೆ ನೂರು ಮಕ್ಕಳಲ್ಲಿ 42 ಮಂದಿ ಹೆಚ್ಚಾಗಿ ಶಾಲೆಗೆ ಸೇರಿದರು. ದಾಖಲಾತಿಯಲ್ಲಿ ಹುಡುಗ ಹುಡುಗಿಯರ ನಡುವೆ ಇದ್ದ 21 ಶೇಕಡಾ ಅಂಶದ ಅಂತರ ಇಲ್ಲವಾಯಿತು. ಮಕ್ಕಳ ಅಂಕಗಳೂ ಏರಿದವು.

ಅಲ್ಲಿನ ಪರಿಸ್ಥಿತಿ ಬೇರೆ, ಎಲ್ಲ ಕಡೆಯೂ ಇಷ್ಟೇ ದೊಡ್ಡ ಪರಿಣಾಮ ಆಗುತ್ತದೆ ಎನ್ನಲಾಗದು. ಆದರೆ ಆ ತರಗತಿಗಳಲ್ಲಿ ಕೂತಿದ್ದವರು ಯಾರು ಎಂಬುದೇ ಶಾಲೆಯ ಸಾಧನೆಯಾಗಿತ್ತು. ಹತ್ತಿರದಲ್ಲಿ ಶಾಲೆ ಇಲ್ಲದಿದ್ದರೆ ಆ ಹುಡುಗಿಯರಲ್ಲಿ ಬಹಳ ಮಂದಿ ಯಾವ ಶಾಲೆಯಲ್ಲೂ ಇರುತ್ತಿರಲಿಲ್ಲ. ಅವರಿಗೆ ಪಟ್ಟಣದ ಮಕ್ಕಳಷ್ಟು ಅಂಕ ಬಾರದೇ ಹೋಗಿ ಶಾಲೆಯ ಸರಾಸರಿ ಇಳಿದಿದ್ದರೂ ಅದನ್ನು ಸೋಲು ಎಂದು ಯಾವ ಬಾಯಿಂದ ಹೇಳುವುದು?

ವಿಲೀನದ ಆದೇಶಗಳಲ್ಲಿ ಈ ಲೆಕ್ಕವೇ ಇರುವುದಿಲ್ಲ. 16 ಮಕ್ಕಳ ಶಾಲೆಯನ್ನು ದೂರದ ದೊಡ್ಡ ಶಾಲೆಗೆ ಸೇರಿಸಿದರು, ಮೂವರು ಅಲ್ಲಿಗೆ ಹೋಗಲೇ ಇಲ್ಲ ಎಂದುಕೊಳ್ಳಿ. ಅವರು ಪರೀಕ್ಷೆ ಬರೆಯುವುದಿಲ್ಲ, ಆದ್ದರಿಂದ ಫೇಲೂ ಆಗುವುದಿಲ್ಲ. ಹಳೆಯ ಶಾಲೆ ಇಲ್ಲ, ಹೊಸ ಶಾಲೆಯ ದಾಖಲೆಯಲ್ಲಿ ಅವರ ಹೆಸರಿಲ್ಲ. ಉಳಿದ 13 ಮಕ್ಕಳು ಸೇರಿದ ಮೇಲೂ ದೊಡ್ಡ ಶಾಲೆಯ ಶೇಕಡಾ ಚೆನ್ನಾಗಿಯೇ ಕಾಣುತ್ತದೆ, ವಿಲೀನ ಯಶಸ್ವಿ ಎಂದು ವರದಿ ಆಗುತ್ತದೆ. 16 ಹೆಸರುಗಳ ಪಟ್ಟಿ ಒಂದೇ ಹಾಳೆಯಲ್ಲಿ ಹಿಡಿಯುತ್ತದೆ. ಶಾಲೆ ಮುಚ್ಚುವ ಆದೇಶಕ್ಕೆ ಆ ಹಾಳೆ ಲಗತ್ತಾಗಬೇಕು. ಎರಡು ವರ್ಷದ ನಂತರ ಪ್ರತಿ ಹೆಸರಿನ ಮುಂದೆ ಆ ಮಗು ಎಲ್ಲಿ ಓದುತ್ತಿದೆ ಎಂದು ಸಹಿ ಹಾಕಿದವರೇ ಬರೆಯಬೇಕು.